ಅಲೆಯನ್ನು ಬೈಯುವ ಮೊದಲು ಕೆಂಪು ಹಗ್ಗ ಎಲ್ಲಿತ್ತು ಕೇಳಿ

2025ರ ಮೇ ತಿಂಗಳಲ್ಲಿ ಒಡಿಶಾದ ಪುರಿ ಕಡಲತೀರದಲ್ಲಿ ಒಂದು ಸ್ಪೀಡ್ ಬೋಟ್ ಮಗುಚಿತು. ಕ್ರಿಕೆಟಿಗ ಸೌರವ್ ಗಂಗೂಲಿ ಅವರ ಅಣ್ಣ ಮತ್ತು ಅತ್ತಿಗೆ ಅದರಲ್ಲಿದ್ದರು. ಹಾಗಾಗಿ ಆ ವಿಡಿಯೊ ನಮ್ಮ ಊರಿನ ವಾಟ್ಸಾಪ್ ಗುಂಪುಗಳವರೆಗೂ ಬಂತು. ಜೀವರಕ್ಷಕ ಹುಡುಗರು ನೀರಿಗೆ ಹಾರಿ ಎಲ್ಲರನ್ನೂ ಉಳಿಸಿದರು. ಆ ಹುಡುಗರಿಗೆ ದೊಡ್ಡ ನಮಸ್ಕಾರ.

ಸುದ್ದಿಯ ತಲೆಬರಹ ಮಾತ್ರ ಯಾವತ್ತಿನದ್ದೇ. ‘ಅಲೆಯ ಅಬ್ಬರಕ್ಕೆ ದೋಣಿ ಪಲ್ಟಿ’. ಕಡಲಲ್ಲಿ ಏನೇ ಆದರೂ ಮೊದಲ ಆರೋಪಿ ಅಲೆ. ಅಲೆಗೆ ವಕೀಲರಿಲ್ಲ, ಅದು ಹೇಳಿಕೆಯನ್ನೂ ಕೊಡುವುದಿಲ್ಲ. ಹಾಗಾಗಿ ಕೇಸು ಅಲ್ಲಿಗೇ ಮುಗಿಯುತ್ತದೆ. ದೋಣಿ ಎಷ್ಟು ವೇಗದಲ್ಲಿತ್ತು, ಥ್ರಾಟಲ್ ಮೇಲೆ ಕೈ ಇತ್ತೇ, ಚಾಲಕನಿಗೆ ಕೆಂಪು ಹಗ್ಗ ಕಟ್ಟಿತ್ತೇ, ಆ ಹೊತ್ತಿಗೆ ದೋಣಿ ಬಿಡಬೇಕೆಂದು ತೀರ್ಮಾನಿಸಿದ್ದು ಯಾರು, ಈ ನಾಲ್ಕು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ.

ನನ್ನ ವಾದ ಇಷ್ಟೇ. ಅಲೆ ಎಬ್ಬಿಸುವುದು ಕಡಲಿನ ಕೆಲಸ. ಆ ಅಲೆಯ ಮೇಲೆ ಎಷ್ಟು ವೇಗದಲ್ಲಿ ಹೋಗಬೇಕು, ಹೋಗಬೇಕೋ ಬೇಡವೋ ಎನ್ನುವುದು ಮನುಷ್ಯನ ತೀರ್ಮಾನ. ನಮ್ಮ ಕರಾವಳಿಯಲ್ಲಿ ಎಂಜಿನ್ನುಗಳ ಅಶ್ವಶಕ್ತಿ ಏರುತ್ತಿದೆ. ಆದರೆ ಆ ತೀರ್ಮಾನ ತೆಗೆದುಕೊಳ್ಳುವವನಿಗೆ ತರಬೇತಿಯನ್ನೂ ಅಧಿಕಾರವನ್ನೂ ನಾವು ಕೊಡುತ್ತಿಲ್ಲ.

ವೇಗದ ದೋಣಿ ಅಂದರೆ ಏನು?

ಸಾಮಾನ್ಯ ದೋಣಿ ನೀರನ್ನು ಸೀಳಿಕೊಂಡು, ನೀರೊಳಗೇ ಕೂತು ಹೋಗುತ್ತದೆ. ಸ್ಪೀಡ್ ಬೋಟ್ ಹಾಗಲ್ಲ. ಒಂದು ವೇಗ ದಾಟಿದ ಮೇಲೆ ಅದು ನೀರಿನ ಮೇಲಕ್ಕೆ ಎದ್ದು, ಮೇಲ್ಮೈ ಮೇಲೆ ಜಾರುತ್ತದೆ. ಕೆರೆಯಲ್ಲಿ ಚಪ್ಪಟೆ ಕಲ್ಲು ಬೀಸಿದರೆ ಜಿಗಿಜಿಗಿದು ಹೋಗುತ್ತದಲ್ಲ, ಹಾಗೆ. ನೀರು ಶಾಂತವಾಗಿದ್ದರೆ ಇದು ಬಲು ಮಜಾ. ಅಲೆ ಇದ್ದರೆ ಪ್ರತಿ ಅಲೆಯೂ ರಸ್ತೆಯ ಹಂಪ್ ಇದ್ದಂತೆ. ವ್ಯತ್ಯಾಸ ಎಂದರೆ ಈ ಹಂಪ್ ಒಂದೇ ಕಡೆ ನಿಂತಿರುವುದಿಲ್ಲ, ಅದೂ ನಿಮ್ಮ ಕಡೆಗೆ ಓಡಿ ಬರುತ್ತಿರುತ್ತದೆ.

ಶಾಲೆಯಲ್ಲಿ ಕಲಿತ ಒಂದು ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ವೇಗ ಎರಡು ಪಟ್ಟಾದರೆ ಬಡಿತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಕಿ.ಮೀ.ನಲ್ಲಿ ಹೋಗುವಾಗ ‘ಸ್ವಲ್ಪ ಕುಲುಕಿತು’ ಅನ್ನಿಸುವ ಅಲೆ, 40 ಕಿ.ಮೀ.ನಲ್ಲಿ ಸೊಂಟ ಮುರಿಯಬಹುದು. ಇದು ಉತ್ಪ್ರೇಕ್ಷೆ ಅಲ್ಲ. ದೋಣಿ ಅಲೆಯ ನೆತ್ತಿಯಿಂದ ಹಾರಿ ಕೆಳಗೆ ಬಡಿದಾಗ, ಸೀಟಿನಲ್ಲಿ ಕೂತವರ ಬೆನ್ನುಮೂಳೆಯ ಮಣಿಗಳು ಒತ್ತಿಕೊಂಡು ಬಿರುಕು ಬಿಡುವುದು ಹೊರದೇಶದ ಸ್ಪೀಡ್ ಬೋಟ್ ವಿಹಾರಗಳಲ್ಲಿ ಚೆನ್ನಾಗಿ ದಾಖಲಾಗಿರುವ ಗಾಯ. ದೋಣಿಯ ಮುಂದಿನ ಸೀಟಿನವರಿಗೆ ಅಪಾಯ ಹೆಚ್ಚು, ಹಿಂದಿನವರಿಗೆ ಕಡಿಮೆ. ಆದರೆ ‘ಮುಂದೆ ಕೂತರೆ ಮಜಾ’ ಎಂದು ಮಕ್ಕಳನ್ನೂ ಅಜ್ಜ–ಅಜ್ಜಿಯರನ್ನೂ ನಾವೇ ಮುಂದಕ್ಕೆ ಕಳಿಸುತ್ತೇವೆ.

ನೀರಿನ ತೂಕವನ್ನೂ ನೆನಪಿಡಿ. ಒಂದು ಲೀಟರ್ ನೀರು ಒಂದು ಕಿಲೋ. ಅಲೆಯೊಂದು ದೋಣಿಯೊಳಕ್ಕೆ 200 ಲೀಟರ್ ಸುರಿದರೆ ಮೂರು ಆಳು ಒಮ್ಮೆಗೇ ಹತ್ತಿದಂತೆ. ಅದೂ ಕೂತಲ್ಲಿ ಕೂರದ ಆಳುಗಳು. ದೋಣಿ ಎಡಕ್ಕೆ ವಾಲಿದರೆ ನೀರೂ ಎಡಕ್ಕೆ ಓಡುತ್ತದೆ. ಹೆದರಿದ ಜನವೂ ಅದೇ ಕಡೆ ಬೀಳುತ್ತಾರೆ. ಮುಂದಿನ ಅಲೆಗೆ ಉಳಿದ ಕೆಲಸ ತುಂಬ ಸಣ್ಣದು.

ಕೈ ಥ್ರಾಟಲ್ ಬಿಡಬಾರದು

ಒರಟು ನೀರಿನಲ್ಲಿ ಸ್ಟೇರಿಂಗ್‌ಗಿಂತ ಥ್ರಾಟಲ್ ಮುಖ್ಯ. ಘಾಟಿ ಇಳಿಯುವ ಬಸ್ಸಿನ ಚಾಲಕ ಪ್ರತಿ ತಿರುವಿಗೂ ಗೇರು, ಬ್ರೇಕು ನೋಡಿಕೊಂಡು ಇಳಿಯುತ್ತಾನೆ. ಒಂದೇ ವೇಗ ಇಟ್ಟು ಇಳಿಯುವವನ ಬಸ್ಸಿಗೆ ಯಾರೂ ಹತ್ತುವುದಿಲ್ಲ. ಅಲೆಯಲ್ಲೂ ಹಾಗೆಯೇ. ಪ್ರತಿ ಅಲೆಗೂ ವೇಗ ಬೇರೆ.

ಅಲೆ ಎದುರಿನಿಂದ ಬರುತ್ತಿದ್ದರೆ ಏರುವಾಗ ಸ್ವಲ್ಪ ಶಕ್ತಿ ಬೇಕು. ನೆತ್ತಿ ಮುಟ್ಟುವ ಮೊದಲೇ ಥ್ರಾಟಲ್ ಇಳಿಸಬೇಕು. ಇಲ್ಲದಿದ್ದರೆ ದೋಣಿ ಗಾಳಿಗೆ ಹಾರುತ್ತದೆ, ಹಿಂದಿನ ಫ್ಯಾನು ನೀರು ಬಿಟ್ಟು ಬರಿಗಾಳಿಯಲ್ಲಿ ಕಿರುಚುತ್ತದೆ, ಆಮೇಲೆ ದೋಣಿ ದಡಾರನೆ ಬೀಳುತ್ತದೆ. ನೇರ ಮೂಗಿಗೆ ಮೂಗು ಕೊಡುವ ಬದಲು ಸ್ವಲ್ಪ ಓರೆಯಾಗಿ ಹತ್ತಿದರೆ ಬಡಿತ ಕಡಿಮೆ. ಎಂಜಿನ್ನಿನ ಓರೆಯನ್ನು ಹೆಚ್ಚು ಕಡಿಮೆ ಮಾಡುವ ಟ್ರಿಮ್ ಗುಂಡಿ ಇದ್ದರೆ, ಎದುರಲೆಗೆ ಮೂತಿಯನ್ನು ಸ್ವಲ್ಪ ತಗ್ಗಿಸಿಟ್ಟುಕೊಳ್ಳಬೇಕು. ಆಗ ದೋಣಿ ಅಲೆಯ ಮೇಲೆ ಬಡಿಯುವ ಬದಲು ಸೀಳುತ್ತದೆ.

ದಡದ ಹತ್ತಿರ ಮುರಿದು ಬೀಳುವ ಬಿಳಿ ನೊರೆಯ ಅಲೆಯ ಕಥೆಯೇ ಬೇರೆ. ಅದು ಏರಿ ಇಳಿಯುವ ಅಲೆಯಲ್ಲ, ಉರುಳಿ ಬರುವ ನೀರಿನ ಗೋಡೆ. ಅದಕ್ಕೆ ಹಗುರವಾದ ದೋಣಿ ಎದುರಾದರೆ ಮೂತಿ ಮೇಲಕ್ಕೆ ಚಿಮ್ಮಿ ದೋಣಿ ಬೆನ್ನ ಮೇಲೆ ಬೀಳಬಹುದು. ಹೆಚ್ಚು ಜನ ಹತ್ತಿದರೆ ಮಾತ್ರ ಅಪಾಯ ಎಂದು ತಿಳಿದವರು ಇದನ್ನು ಮರೆಯುತ್ತಾರೆ.

ಪಕ್ಕದಿಂದ ಬರುವ ಅಲೆಗೆ ದೋಣಿಯ ಮೈ ಪೂರ್ತಿ ಒಡ್ಡಿ ನಿಲ್ಲುವುದು ಮೂರ್ಖತನ. ಆದರೆ ಪ್ರವಾಸಿಗರನ್ನು ಖುಷಿಪಡಿಸಲು ಗಿರಕ್ಕನೆ ತಿರುಗಿಸುವ ಆಟದಲ್ಲಿ ಆಗುವುದು ಅದೇ. ತಿರುವಿನಲ್ಲಿ ದೋಣಿ ಒಂದು ಪಕ್ಕಕ್ಕೆ ವಾಲಿರುತ್ತದೆ. ಆ ಹೊತ್ತಿಗೇ ಅಲೆ ಇನ್ನೊಂದು ಪಕ್ಕವನ್ನು ಎತ್ತಿದರೆ ಚಾಲಕನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಎಲ್ಲಕ್ಕಿಂತ ಮೋಸದ್ದು ಹಿಂದಿನಿಂದ ಬರುವ ಅಲೆ. ದಡಕ್ಕೆ ಮರಳುವಾಗ ಸಿಗುವುದು ಇದೇ. ಬಡಿತ ಕಡಿಮೆ ಇರುತ್ತದೆ, ಹಾಗಾಗಿ ಎಲ್ಲ ಸರಿಯಿದೆ ಅನ್ನಿಸುತ್ತದೆ. ವೇಗ ಹೆಚ್ಚಾದರೆ ದೋಣಿ ಮುಂದಿನ ಅಲೆಯ ನೆತ್ತಿ ದಾಟಿ ಕೆಳಗಿನ ಗುಂಡಿಗೆ ಮೂತಿ ಚುಚ್ಚುತ್ತದೆ. ಕಡಿಮೆಯಾದರೆ ಹಿಂದಿನ ಅಲೆ ಹಿಂಬದಿಯನ್ನು ಎತ್ತಿ ಪಕ್ಕಕ್ಕೆ ತಿರುಗಿಸಿ ಮಗುಚುತ್ತದೆ. ಸರಿಯಾದ ದಾರಿ ಒಂದೇ. ಮೂತಿಯನ್ನು ಸ್ವಲ್ಪ ಎತ್ತಿಟ್ಟು, ಮುಂದಿನ ಅಲೆಯ ಬೆನ್ನ ಮೇಲೆ ಕೂತು, ಅದರ ವೇಗಕ್ಕೆ ಸರಿಯಾಗಿ ಬರಬೇಕು. ಅದನ್ನು ದಾಟಲೂಬಾರದು, ಅದರಿಂದ ಹಿಂದೆ ಬೀಳಲೂಬಾರದು.

ಇದನ್ನೆಲ್ಲ ನಮ್ಮ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಂಗೊಳ್ಳಿ, ಕೋಡಿ ಬೆಂಗ್ರೆ, ತದಡಿ, ಹೊನ್ನಾವರದ ಅಳಿವೆಗಳಲ್ಲಿ ದೋಣಿ ಒಳಗೆ ತರುವವರನ್ನು ನೋಡಿ. ಅನುಭವಿ ತಾಂಡೇಲ ಅಳಿವೆಯ ಹೊರಗೆ ನಿಲ್ಲುತ್ತಾನೆ. ಅಲೆ ನೋಡುತ್ತಾನೆ. ದೊಡ್ಡ ಅಲೆಗಳು ಗುಂಪಾಗಿ ಬಂದು ಹೋದ ಮೇಲೆ ಸಿಗುವ ಸಣ್ಣ ಬಿಡುವಿನಲ್ಲಿ ಒಳಗೆ ಬರುತ್ತಾನೆ. ಇಳಿತದ ನೀರು ಹೊರಗೆ ಹರಿಯುವಾಗ ಎದುರಿನಿಂದ ಬರುವ ಅಲೆ ಕಡಿದಾಗಿ ನಿಲ್ಲುತ್ತದೆ ಎಂಬುದು ಅವನಿಗೆ ಗೊತ್ತು. ಮನೆಗೆ ಹೋಗುವ ಆತುರ ಅವನಿಗೂ ಇರುತ್ತದೆ. ಆದರೂ ಕಾಯುತ್ತಾನೆ. ಆ ಕಾಯುವಿಕೆಯೇ ವಿದ್ಯೆ. ಅದನ್ನು ಪ್ರವಾಸೋದ್ಯಮದ ದೋಣಿಗೆ ನಾವು ದಾಟಿಸಲಿಲ್ಲ. ಅಲ್ಲಿ ಕಾದರೆ ಟ್ರಿಪ್ಪು ಕಡಿಮೆಯಾಗುತ್ತದೆ.

ಕೆಂಪು ಹಗ್ಗದ ಕಥೆ

ಹೆಚ್ಚಿನ ಸ್ಪೀಡ್ ಬೋಟುಗಳಲ್ಲೂ ಮೀನುಗಾರರ ಅನೇಕ ಔಟ್‌ಬೋರ್ಡ್ ಎಂಜಿನ್ನುಗಳಲ್ಲೂ ಸುರುಳಿ ಸುತ್ತಿದ ಒಂದು ಕೆಂಪು ಹಗ್ಗ ಇರುತ್ತದೆ. ಒಂದು ತುದಿಯಲ್ಲಿ ಪ್ಲಾಸ್ಟಿಕ್ ಕ್ಲಿಪ್, ಅದು ಎಂಜಿನ್ ನಿಲ್ಲಿಸುವ ಸ್ವಿಚ್ಚಿಗೆ. ಇನ್ನೊಂದು ತುದಿ ಚಾಲಕನ ಕಾಲಿಗೆ ಅಥವಾ ಲೈಫ್ ಜಾಕೆಟ್ಟಿಗೆ. ಚಾಲಕ ನೀರಿಗೆ ಬಿದ್ದರೆ ಕ್ಲಿಪ್ ಕಿತ್ತು ಬರುತ್ತದೆ, ಎಂಜಿನ್ ನಿಲ್ಲುತ್ತದೆ. ಕಿಲ್ ಸ್ವಿಚ್ ಎನ್ನುವುದು ಇದಕ್ಕೇ.

ಇದು ಇಲ್ಲದಿದ್ದರೆ ಏನಾಗುತ್ತದೆ? 2013ರ ಮೇ 5ರಂದು ಇಂಗ್ಲೆಂಡಿನ ಪ್ಯಾಡ್‌ಸ್ಟೋ ಹತ್ತಿರದ ಅಳಿವೆಯೊಂದರಲ್ಲಿ ಒಂದೇ ಕುಟುಂಬದ ಆರು ಮಂದಿ ಸುಮಾರು 8 ಮೀಟರ್ ಉದ್ದದ ವೇಗದ ದೋಣಿಯಲ್ಲಿದ್ದರು. ಜೋರಾದ ತಿರುವಿನಲ್ಲಿ ಆರೂ ಜನ ನೀರಿಗೆ ಎಸೆಯಲ್ಪಟ್ಟರು. ಹಗ್ಗ ಯಾರಿಗೂ ಕಟ್ಟಿರಲಿಲ್ಲ. ಚಾಲಕನಿಲ್ಲದ ದೋಣಿ ನಿಲ್ಲದೆ ಅಲ್ಲೇ ಸುತ್ತು ಹೊಡೆಯುತ್ತ, ನೀರಿನಲ್ಲಿದ್ದ ಅದೇ ಕುಟುಂಬದವರ ಮೇಲೆ ಹರಿಯಿತು. ತಂದೆ ಮತ್ತು ಎಂಟು ವರ್ಷದ ಮಗಳು ಸತ್ತರು. ಉಳಿದವರು ಗಾಯಗೊಂಡರು. ಕೊನೆಗೆ ಬೇರೆ ದೋಣಿಯಿಂದ ಒಬ್ಬರು ಓಡುತ್ತಿದ್ದ ಆ ದೋಣಿಗೆ ಹಾರಿ ಎಂಜಿನ್ ನಿಲ್ಲಿಸಿದರು.

ಅವರನ್ನು ಕೊಂದದ್ದು ಅಲೆಯಲ್ಲ. ಕಟ್ಟದೇ ಬಿಟ್ಟ ಹಗ್ಗ. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ, 26 ಅಡಿಗಿಂತ ಚಿಕ್ಕ ದೋಣಿಯಲ್ಲಿ ಈ ಸ್ವಿಚ್ ಇದ್ದರೆ, ವೇಗವಾಗಿ ಓಡಿಸುವಾಗ ಅದನ್ನು ಕಟ್ಟಿಕೊಳ್ಳಲೇಬೇಕು ಎಂದು ಕಾನೂನು ಬಂತು.

ನಮ್ಮ ಕಡಲತೀರಗಳಲ್ಲಿ ಈ ಸಲ ಹೋದಾಗ ಸುಮ್ಮನೆ ಗಮನಿಸಿ. ಎಷ್ಟೋ ದೋಣಿಗಳಲ್ಲಿ ಕ್ಲಿಪ್ ಸ್ವಿಚ್ಚಿಗೆ ಸಿಕ್ಕಿಸಿರುತ್ತದೆ, ಹಗ್ಗದ ಇನ್ನೊಂದು ತುದಿ ಸ್ಟೇರಿಂಗಿಗೋ ಸೀಟಿಗೋ ಸುತ್ತಿರುತ್ತದೆ. ಕಾರಣವೂ ಇದೆ. ಚಾಲಕ ಹತ್ತು ಸಲ ಎದ್ದು ಜನರನ್ನು ಹತ್ತಿಸಬೇಕು, ಇಳಿಸಬೇಕು, ಫೋಟೊ ತೆಗೆದುಕೊಡಬೇಕು. ಎದ್ದಾಗಲೆಲ್ಲ ಎಂಜಿನ್ ಆಫ್ ಆದರೆ ಕಿರಿಕಿರಿ. ಆದರೆ ದೋಣಿ ನಿಂತಿರುವಾಗ ಆಗುವ ಕಿರಿಕಿರಿಗೆ, ದೋಣಿ ಓಡುವಾಗಿನ ಜೀವವನ್ನು ಬೆಲೆಯಾಗಿ ಕೊಡುವುದು ಯಾವ ಲೆಕ್ಕ? ಒಬ್ಬನೇ ಕಡಲಿಗಿಳಿಯುವ ಮೀನುಗಾರ ಅಣ್ಣಂದಿರಿಗೂ ಇದೇ ಮಾತು. ನೀವು ಬಿದ್ದ ಮೇಲೆ ದೋಣಿ ನಿಮ್ಮನ್ನು ಬಿಟ್ಟು ಹೋದರೆ ಈಜು ಎಷ್ಟು ಹೊತ್ತು ಕಾಯುತ್ತದೆ?

‘ದೊಡ್ಡ ಎಂಜಿನ್ ಇದ್ದರೆ ಪಾರಾಗಬಹುದಲ್ಲ?’

ಮಾಲೀಕರು ಹೇಳುವ ಈ ಮಾತಿನಲ್ಲಿ ಅರ್ಧ ನಿಜ ಇದೆ. ಅಲೆಯ ಬೆನ್ನ ಮೇಲೆ ಉಳಿಯಲು, ಮುರಿದು ಬೀಳುವ ಅಲೆಯಿಂದ ತಪ್ಪಿಸಿಕೊಳ್ಳಲು ಬೇಕೆಂದಾಗ ಸಿಗುವ ಶಕ್ತಿ ಬೇಕೇ ಬೇಕು. ಬಡಕಲು ಎಂಜಿನ್ ಕೂಡ ಅಪಾಯವೇ. ದೋಣಿಯ ತಳದ ಆಕಾರವೂ ಮುಖ್ಯ. 1960ರಲ್ಲಿ ಅಮೆರಿಕದ ಮಯಾಮಿಯಿಂದ ಬಹಾಮಾಸ್‌ನ ನಸಾವುವರೆಗೆ ನಡೆದ ಪವರ್‌ಬೋಟ್ ರೇಸಿನಲ್ಲಿ ಕಡಲು ಒರಟಾಗಿತ್ತು. ಗೆದ್ದದ್ದು ‘ಮಾಪಿ’ ಎಂಬ ಸುಮಾರು 30 ಅಡಿಯ ದೋಣಿ. ರೇ ಹಂಟ್ ಎಂಬ ವಿನ್ಯಾಸಕಾರ ಅದರ ತಳವನ್ನು ಮುಂದಿನಿಂದ ಹಿಂದಿನವರೆಗೂ ಆಳವಾದ ‘ವಿ’ ಆಕಾರದಲ್ಲಿ ಮಾಡಿದ್ದ. ತಳ ಚಪ್ಪಟೆಯಾದಷ್ಟೂ ದೋಣಿ ಅಲೆಗೆ ಬಡಿಯುತ್ತದೆ, ಚೂಪಾದಷ್ಟೂ ಸೀಳುತ್ತದೆ. ಇವತ್ತಿಗೂ ಒರಟು ನೀರಿನ ವೇಗದ ದೋಣಿಗಳು ಹೆಚ್ಚಾಗಿ ಆ ದಾರಿಯಲ್ಲೇ ಇವೆ.

ಉಳಿದರ್ಧ ಸತ್ಯ ಹೀಗಿದೆ. 2018ರ ನವೆಂಬರಿನಲ್ಲಿ ಅಮರಾವತಿ ಹತ್ತಿರ, ನಮ್ಮ ಕೃಷ್ಣಾ ನದಿಯಲ್ಲೇ, ಫಾರ್ಮುಲಾ 1 ಪವರ್‌ಬೋಟ್ ರೇಸ್ ನಡೆಯಿತು. ಗಂಟೆಗೆ 200 ಕಿ.ಮೀ. ದಾಟುವ ದೋಣಿಗಳವು. ಅವು ಓಡುವುದು ಸಮತಟ್ಟಾದ ನೀರಿನಲ್ಲಿ. ಚಾಲಕ ಗಟ್ಟಿ ಗೂಡಿನೊಳಗೆ ಬೆಲ್ಟ್ ಬಿಗಿದು, ಹೆಲ್ಮೆಟ್ ಹಾಕಿ ಕೂರುತ್ತಾನೆ. ಪಕ್ಕದಲ್ಲೇ ರಕ್ಷಣಾ ದೋಣಿ ಕಾದಿರುತ್ತದೆ. ಜಗತ್ತಿನ ಅತಿ ವೇಗದ ಚಾಲಕರಿಗೆ ಇಷ್ಟೆಲ್ಲ ಬೇಕು. ಕಡಲಲೆಯ ಮೇಲೆ ಆರು ಪ್ರವಾಸಿಗರನ್ನು ಕೂರಿಸಿಕೊಂಡ ನಮ್ಮ ಹುಡುಗನಿಗೆ ಒಂದು ಬನಿಯನ್ನು, ಒಂದು ಕೂಲಿಂಗ್ ಗ್ಲಾಸು ಸಾಕೇ?

ಶಕ್ತಿ ಇದ್ದಷ್ಟೂ ಜಾಗವೂ ಬೇಕು. 2024ರ ಡಿಸೆಂಬರ್ 18ರಂದು ಮುಂಬೈ ಬಂದರಿನಲ್ಲಿ ಎಂಜಿನ್ ಪರೀಕ್ಷೆ ನಡೆಸುತ್ತಿದ್ದ ನೌಕಾಪಡೆಯ ಸ್ಪೀಡ್ ಬೋಟ್ ನಿಯಂತ್ರಣ ತಪ್ಪಿ, ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲ್ ಕಮಲ್’ ಎಂಬ ಪ್ರಯಾಣಿಕರ ದೋಣಿಗೆ ಬಡಿಯಿತು. 15 ಮಂದಿ ಪ್ರಾಣ ಕಳೆದುಕೊಂಡರು. ಸಮವಸ್ತ್ರದವರಿಗೇ ಹೀಗಾಗಬಹುದಾದರೆ, ಈಜುವವರ ಪಕ್ಕದಲ್ಲೇ ಸ್ಪೀಡ್ ಬೋಟ್, ಅದರ ಪಕ್ಕದಲ್ಲೇ ಬನಾನಾ ರೈಡ್ ಓಡುವ ತೀರಗಳ ಬಗ್ಗೆ ಏನು ಹೇಳುವುದು?

ಇನ್ನು ಕೂರ್ಮಗಡ. 2019ರ ಜನವರಿ 21. ಕಾರವಾರದ ಹತ್ತಿರದ ಈ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮುಳುಗಿ 16 ಮಂದಿ ಸತ್ತರು, ಮಕ್ಕಳೂ ಸೇರಿ. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. ಅದು ಮಳೆಗಾಲವಲ್ಲ, ಚಂಡಮಾರುತದ ದಿನವೂ ಅಲ್ಲ, ಜಾತ್ರೆಯ ದಿನ. ದೋಣಿ ತುಂಬಿದಾಗ ಅಂಚು ನೀರಿಗೆ ಹತ್ತಿರವಾಗುತ್ತದೆ. ಖಾಲಿ ದೋಣಿ ಸಲೀಸಾಗಿ ದಾಟುವ ಅಲೆಯನ್ನು ತುಂಬಿದ ದೋಣಿ ದಾಟುವುದಿಲ್ಲ. ಆಗ ಸತ್ತವರ ಮನೆಗಳಿಗೆ ನಾವು ಪರಿಹಾರದ ಚೆಕ್ ತಲುಪಿಸಿದೆವು. ಪಾಠವನ್ನು ಎಲ್ಲರಿಗೂ ತಲುಪಿಸಿದೆವೇ?

ಚಾಲಕ ಹುಡುಗನಿಗೆ ‘ಇಲ್ಲ’ ಎನ್ನುವ ಹಕ್ಕು ಬೇಕು

ಈ ದೋಣಿಗಳನ್ನು ಓಡಿಸುವವರು ಹೆಚ್ಚಿನವರು ನಮ್ಮ ನಿಮ್ಮ ಊರಿನ ಹುಡುಗರೇ. ಸಂಬಳ ಸೀಸನ್ನಿಗೆ ಮಾತ್ರ. ಮಳೆಗಾಲದಲ್ಲಿ ಕೆಲಸ ಇಲ್ಲ. ಹಾಗಾಗಿ ಶನಿವಾರ, ಭಾನುವಾರ, ಡಿಸೆಂಬರ್ ರಜೆಯಲ್ಲಿ ಎಷ್ಟು ಟ್ರಿಪ್ ಹೊಡೆದರೆ ಅಷ್ಟು. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು ನೀರು ಒರಟಾಗುವುದು ಅವನಿಗೆ ಕಾಣುತ್ತದೆ. ಆದರೆ ಟಿಕೆಟ್ ಹಿಡಿದ ಸಾಲು ದಡದಲ್ಲಿ ನಿಂತಿದೆ. ಮಾಲೀಕರು ಫೋನಿನಲ್ಲಿದ್ದಾರೆ. ದೋಣಿಯಲ್ಲಿ ಕೂತವರು ‘ಅಣ್ಣಾ, ಇನ್ನೂ ಸ್ಪೀಡ್’ ಎಂದು ಕೂಗುತ್ತಿದ್ದಾರೆ. ದಿನಗೂಲಿಯ ಹುಡುಗ ಯಾರಿಗೆ ‘ಇಲ್ಲ’ ಅನ್ನಬೇಕು?

ಅದಕ್ಕೇ ನಾನು ಹೇಳುವುದು, ತಪ್ಪನ್ನು ಬರೀ ಚಾಲಕನ ತಲೆಗೆ ಕಟ್ಟುವುದೂ ಅಲೆಯ ತಲೆಗೆ ಕಟ್ಟಿದಷ್ಟೇ ಸುಲಭದ ಕೆಲಸ. ನಿಲ್ಲಿಸುವ ತೀರ್ಮಾನ ಅವನ ಹೊಟ್ಟೆಪಾಡಿನ ಮೇಲೆ ನಿಲ್ಲಬಾರದು. ಅದು ನಿಯಮದ ಮೇಲೆ ನಿಲ್ಲಬೇಕು. ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆ, ತೀರದ ಪಂಚಾಯಿತಿಗಳ ಮುಂದೆ ನನ್ನ ಬೇಡಿಕೆ ಐದು.

ಒಂದು, ಕೆಂಪು ಹಗ್ಗ ಕಟ್ಟದೆ ದೋಣಿ ಓಡಿಸಿದರೆ ಆ ದೋಣಿಗೆ ಆ ದಿನ ರಜೆ. ದಂಡ ಮಾಲೀಕರಿಗೆ.

ಎರಡು, ತೀರದಲ್ಲಿ ಕೆಂಪು ಬಾವುಟ ಏರಿದರೆ ಈಜುವವರಿಗೆ ಮಾತ್ರವಲ್ಲ, ಸ್ಪೀಡ್ ಬೋಟಿಗೂ ಅನ್ವಯ. ಬಾವುಟ ಏರಿಸುವ ಅಧಿಕಾರ ಜೀವರಕ್ಷಕರಿಗೆ ಇರಲಿ, ಟಿಕೆಟ್ ಕೌಂಟರಿಗೆ ಬೇಡ. ಆ ದಿನದ ಕೂಲಿ ಚಾಲಕನಿಗೆ ಸಿಗಬೇಕು, ಟಿಕೆಟ್ ಹಣ ಪ್ರವಾಸಿಗರಿಗೆ ವಾಪಸಾಗಬೇಕು. ಟೆಂಡರಿನಲ್ಲೇ ಇದನ್ನು ಬರೆಯಲಿ.

ಮೂರು, ತರಬೇತಿ. ಪಕ್ಕದ ಗೋವಾದಲ್ಲೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಪವರ್‌ಬೋಟ್ ನಡೆಸುವ ಕೋರ್ಸು ಅಲ್ಲಿದೆ. ಟೆಂಡರ್ ಪಡೆದವರು ತಮ್ಮ ಖರ್ಚಿನಲ್ಲಿ ಹುಡುಗರನ್ನು ಕಳಿಸಲಿ. ಜೊತೆಗೆ ಊರಿನ ಹಿರಿಯ ತಾಂಡೇಲರನ್ನು ಕೂಲಿ ಕೊಟ್ಟು ಕರೆಸಿ ನಾಲ್ಕು ದಿನ ಪಾಠ ಹೇಳಿಸಲಿ. ಅಳಿವೆಯ ಅಲೆ ಎಣಿಸುವುದನ್ನು ಅವರಿಗಿಂತ ಚೆನ್ನಾಗಿ ಯಾವ ಸರ್ಟಿಫಿಕೇಟೂ ಕಲಿಸುವುದಿಲ್ಲ.

ನಾಲ್ಕು, ದೋಣಿಯ ಪಕ್ಕದಲ್ಲಿ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ‘ಇಷ್ಟೇ ಜನ’ ಎಂದು ಬರೆಯಲಿ. ಗಾಳಿ ಇದ್ದ ದಿನ ಅದಕ್ಕಿಂತ ಕಡಿಮೆ ಎಷ್ಟು ಎಂಬುದೂ ಇರಲಿ. ಓದಲು ಬರುವ ಮಗುವೂ ಎಣಿಸುವಂತಿರಬೇಕು.

ಐದು, ಅವಘಡ ಆದ ಮೇಲೆ ಜನ ಓದಬಹುದಾದ ವರದಿ ಬೇಕು. ಪ್ಯಾಡ್‌ಸ್ಟೋ ದುರಂತದ ಮೇಲೆ ಬ್ರಿಟನ್ನಿನ ಕಡಲ ಅವಘಡ ತನಿಖಾ ಸಂಸ್ಥೆ ವರದಿ ಕೊಟ್ಟಿತು. ಯಾರನ್ನು ಜೈಲಿಗೆ ಹಾಕಬೇಕು ಎಂಬುದು ಆ ವರದಿಯ ಕೆಲಸವಲ್ಲ, ಇನ್ನೊಂದು ಸಲ ಹಾಗಾಗದಿರಲು ಏನು ಮಾಡಬೇಕು ಎಂಬುದೇ ಕೆಲಸ. ನಮ್ಮಲ್ಲಿ ಎಫ್‌ಐಆರ್ ಆಗುತ್ತದೆ, ಪರಿಹಾರ ಘೋಷಣೆ ಆಗುತ್ತದೆ, ಮಂತ್ರಿಗಳು ಬಂದು ಹೋಗುತ್ತಾರೆ. ಪಕ್ಕದ ತೀರದ ಚಾಲಕ ಓದಿ ಕಲಿಯುವಂಥ ನಾಲ್ಕು ಪುಟ ಅವನ ಕೈಗೆ ಸಿಗುವುದಿಲ್ಲ.

ನೀವು ಹತ್ತುವ ಮೊದಲು

ನಿಯಮ ಬರುವವರೆಗೆ ನಮ್ಮ ಜೀವ ನಮ್ಮ ಕೈಯಲ್ಲಿ. ಮುಂದಿನ ರಜೆಗೆ ಮಲ್ಪೆಗೋ ಮುರುಡೇಶ್ವರಕ್ಕೋ ಕಾರವಾರಕ್ಕೋ ಮನೆಮಂದಿಯೆಲ್ಲ ಹೊರಟರೆ ಇಷ್ಟು ಮಾಡಿ.

ಆದಷ್ಟು ಬೆಳಿಗ್ಗೆ ಹೋಗಿ, ಸಾಮಾನ್ಯವಾಗಿ ಗಾಳಿ ಕಡಿಮೆ ಇರುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಡಲ ಅಲೆಯ ಮುನ್ಸೂಚನೆ ಕೊಡುತ್ತದೆ, ಮೊಬೈಲಿನಲ್ಲೇ ಸಿಗುತ್ತದೆ. ಆಕಾಶ ಶುಭ್ರವಾಗಿದೆ, ಎಲೆಯೂ ಅಲ್ಲಾಡುತ್ತಿಲ್ಲ ಎಂದು ನಂಬಬೇಡಿ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ, ಇಲ್ಲಿ ಗಾಳಿಯೇ ಇಲ್ಲದ ಹೊತ್ತಿನಲ್ಲಿ ದಡಕ್ಕೆ ಅಪ್ಪಳಿಸುತ್ತವೆ. ಕೇರಳದವರು ಇದಕ್ಕೆ ಕಳ್ಳಕಡಲ್ ಅನ್ನುತ್ತಾರೆ. ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು.

ಲೈಫ್ ಜಾಕೆಟ್ಟಿನ ಎಲ್ಲ ಬಕಲ್ ಹಾಕಿಸಿ. ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಬಂದರೆ ಅದು ನೀರಲ್ಲಿ ಕಳಚಿಕೊಳ್ಳುತ್ತದೆ. ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಬೇಕು, ಇಲ್ಲ ಅಂದರೆ ಆ ಟ್ರಿಪ್ ಬೇಡ. ಫೋಟೊಗಾಗಿ ಬಿಚ್ಚಬೇಡಿ.

ಬೆನ್ನುನೋವು ಇರುವವರು, ಗರ್ಭಿಣಿಯರು ಸ್ಪೀಡ್ ಬೋಟ್ ಹತ್ತಲೇಬೇಡಿ. ಹತ್ತಿದವರು ಹಿಂದಿನ ಸೀಟಿನಲ್ಲಿ ಕೂರಿ. ಕೈಯಲ್ಲಿ ಮೊಬೈಲ್ ಬೇಡ, ಹಿಡಿಯಲು ಕಂಬಿ ಬೇಕು. ಕಾಲನ್ನು ನೆಲಕ್ಕೆ ಊರಿ ಮಂಡಿ ಮಡಚಿಟ್ಟರೆ ಬಡಿತವನ್ನು ಕಾಲು ತಿನ್ನುತ್ತದೆ, ಬೆನ್ನು ಉಳಿಯುತ್ತದೆ. ಎದ್ದು ಒಂದೇ ಪಕ್ಕಕ್ಕೆ ಓಡಬೇಡಿ.

ಕೊನೆಯದಾಗಿ, ಚಾಲಕನನ್ನು ಪ್ರೀತಿಯಿಂದಲೇ ಕೇಳಿ. ‘ತಮ್ಮಾ, ಆ ಕೆಂಪು ಹಗ್ಗ ಕಟ್ಟಿಕೊಂಡೆಯಾ?’ ಕಟ್ಟಿಕೊಂಡರೆ ಹತ್ತಿ. ಇಲ್ಲದಿದ್ದರೆ ಇಳಿದು ಹಣ ವಾಪಸ್ ಕೇಳಿ. ಸ್ಪೀಡ್ ಹೆಚ್ಚಾಯಿತು ಅನ್ನಿಸಿದರೆ ‘ನಿಧಾನ’ ಎಂದು ಕೂಗಿ, ನಾಚಿಕೆ ಬೇಡ. ಹತ್ತು ಜನ ‘ಸ್ಪೀಡ್’ ಎನ್ನುವಾಗ ಒಬ್ಬರ ‘ನಿಧಾನ’ ಆ ಹುಡುಗನಿಗೂ ಒಂದು ನೆಪ ಕೊಡುತ್ತದೆ.

ಕಡಲಿನಲ್ಲಿ ಯಾರಾದರೂ ಕಷ್ಟದಲ್ಲಿದ್ದರೆ ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093 ಅಥವಾ 112ಕ್ಕೆ ಕರೆ ಮಾಡಿ. ಈಗಲೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ.

ಸ್ಪೀಡ್ ಬೋಟ್ ಬೇಡ ಎಂದು ನಾನು ಹೇಳುತ್ತಿಲ್ಲ. ಅದರಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ, ಬಯಲುಸೀಮೆಯ ಮಕ್ಕಳಿಗೆ ಅದು ಜೀವಮಾನದ ಖುಷಿ. ಆ ಒಲೆಯೂ ಆ ಖುಷಿಯೂ ಉಳಿಯಬೇಕಾದರೆ ಬೇಕಾಗಿರುವುದು ಒಂದು ಹಗ್ಗ, ಒಂದು ಬಾವುಟ, ಕೆಲವು ದಿನಗಳ ಪಾಠ ಮತ್ತು ‘ಇವತ್ತು ಬೇಡ’ ಎಂದವನಿಗೆ ಆ ದಿನದ ಕೂಲಿ. ಇದಕ್ಕೆಲ್ಲ ಕೋಟಿಗಟ್ಟಲೆ ಬೇಕಿಲ್ಲ. ಮುಂದಿನ ಸೀಸನ್ನಿನ ಟೆಂಡರ್ ಕರೆಯುವ ಮೊದಲು ನಿಮ್ಮ ತೀರದ ಪಂಚಾಯಿತಿ ಸದಸ್ಯರಿಗೆ ಈ ಐದು ಬೇಡಿಕೆ ಕಳಿಸಿ. ಉತ್ತರ ಬಂದರೆ ನಮಗೂ ತಿಳಿಸಿ, ಇಲ್ಲೇ ಪ್ರಕಟಿಸುತ್ತೇವೆ. ಬರದಿದ್ದರೆ ಅದನ್ನೂ ಪ್ರಕಟಿಸುತ್ತೇವೆ.